ಆ ಎಸ್ ಯಾರದು? ಎಸ್‌ನಲ್ಲಿ ಮುಗಿಯುವ ಇಂಗ್ಲಿಷ್ ಪದಗಳಿಗೆ ಅಪಾಸ್ಟ್ರಫಿ ಹಾಕುವ ಸಮಗ್ರ ಮಾರ್ಗದರ್ಶಿ

ಹೋದ ಮಾಘದಲ್ಲಿ ಮದುವೆ ಪತ್ರಿಕೆ ಮಾಡಿಸಲು ಒಬ್ಬರು ಬಂದಿದ್ದರು. ಹುಣಸೂರು ಕಡೆಯ ಅರಸು ಮನೆತನ. ಕನ್ನಡ ಪುಟ ಹತ್ತು ನಿಮಿಷದಲ್ಲಿ ಮುಗಿಯಿತು. ಇಂಗ್ಲಿಷ್ ಪುಟದಲ್ಲಿ "ಅರಸು ಅವರ ನಿವಾಸ" ಅನ್ನುವ ಜಾಗಕ್ಕೆ ಬಂದಾಗ ಬಂಡಿ ನಿಂತಿತು. ಅವರ ಹೆಸರು ಇಂಗ್ಲಿಷಿನಲ್ಲಿ ಯು, ಆರ್, ಎಸ್. ನಾನು ಅದರ ಮುಂದೆ ಅಪಾಸ್ಟ್ರಫಿ ಒತ್ತಿ ಇನ್ನೊಂದು ಎಸ್ ಹಾಕಿದೆ.

"ಎಸ್ ಆಗ್ಲೇ ಇದ್ಯಲ್ಲ ಸ್ವಾಮಿ, ಇನ್ನೊಂದ್ ಯಾಕೆ? ಮೇಲೊಂದು ಕಾಮ ಹಾಕ್ಬಿಡಿ, ಸಾಕು" ಅಂದರು. ಜೊತೆಗಿದ್ದ ಮಗಳೂ, "ಎಸ್ ಇದ್ರೆ ಅಪಾಸ್ಟ್ರಫಿ ಕೊನೇಲಿ ಅಂತ ನಮ್ಗೂ ಸ್ಕೂಲಲ್ಲಿ ಹೇಳ್ಕೊಟ್ಟಿದ್ರು" ಅಂದಳು.

ಮೈಸೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಮಾನಸಗಂಗೋತ್ರಿಯಿಂದ ಬರುವ ಥೀಸಿಸ್, ಕೆಲಸಕ್ಕೆ ಹಾಕುವ ಬಯೋಡೇಟಾ, ರಜೆ ಅರ್ಜಿ, ಮನೆ ಮುಂದಿನ ಬೋರ್ಡು ಎಲ್ಲವೂ ಈ ಕೀಬೋರ್ಡಿನ ಮೇಲೇ ಹಾದು ಹೋಗಿವೆ. ಆ ಹುಡುಗಿ ಹೇಳಿದ ಸಾಲು ವಾರಕ್ಕೆರಡು ಸಲವಾದರೂ ಕಿವಿಗೆ ಬೀಳುತ್ತದೆ. ಅದು ಸುಳ್ಳಲ್ಲ, ಅರ್ಧ ಪಾಠ. ಎಸ್ ಇದ್ದರೆ ಸಾಲದು. ಆ ಎಸ್ ಎಲ್ಲಿಂದ ಬಂತು ಅನ್ನುವುದನ್ನು ನೋಡಬೇಕು.

ಮೊದಲೇ ಒಂದು ಒಪ್ಪಂದ. ಈ ಬರಹದಲ್ಲಿ ಇಂಗ್ಲಿಷ್ ಪದಗಳೂ ಕನ್ನಡ ಅಕ್ಷರದಲ್ಲೇ ಇರುತ್ತವೆ. ’ಎಸ್ ಎಂದು ಕಂಡಲ್ಲಿ ಅಪಾಸ್ಟ್ರಫಿ ಹಾಕಿ ಎಸ್ ಅಕ್ಷರ ಬರೆಯಬೇಕು ಎಂದರ್ಥ. ಪದದ ಕೊನೆಗೆ ಬರೀ ’ ಇದ್ದರೆ ಅಪಾಸ್ಟ್ರಫಿ ಒಂದೇ, ಎಸ್ ಇಲ್ಲ.

ನಿಮಗೆ ಈಗಾಗಲೇ ಗೊತ್ತಿರುವ ವ್ಯಾಕರಣ

ಬಸ್ಸು. ಬಸ್ಸಿನ ಟೈರು. ಬಸ್ಸುಗಳು. ಬಸ್ಸುಗಳ ಟೈರು.

ಇದನ್ನು ಹೇಳುವಾಗ ನೀವು ಯೋಚನೆಯನ್ನೇ ಮಾಡಲಿಲ್ಲ. ಒಂದೋ ಹಲವೋ ಎನ್ನುವುದು ಮೊದಲು ತೀರ್ಮಾನವಾಯಿತು, ಆಮೇಲೆ ಷಷ್ಠೀ ವಿಭಕ್ತಿ ಬಂದು ಕೂತಿತು. "ಬಸ್ಸಿನಗಳು" ಅಂತ ಯಾರೂ ಅನ್ನುವುದಿಲ್ಲ. ಇಂಗ್ಲಿಷಿನಲ್ಲೂ ಇದೇ ಸರದಿ: ವಚನ ಮೊದಲು, ವಿಭಕ್ತಿ ಆಮೇಲೆ. ಅಪಾಸ್ಟ್ರಫಿ ಅವರ ಷಷ್ಠಿ. ನಿಜಕ್ಕೂ ಅದು ಒಂದು ಕಾಲದ ವಿಭಕ್ತಿ ಪ್ರತ್ಯಯದ ಪಳೆಯುಳಿಕೆಯೇ. ಹಳೆಯ ಇಂಗ್ಲಿಷಿನಲ್ಲಿ ಬಹಳಷ್ಟು ನಾಮಪದಗಳಿಗೆ "ಎಸ್" ಧ್ವನಿಯ ಹಿಂದೆ ಒಂದು "ಇ" ಅಕ್ಷರವೂ ಸೇರಿದ ಪ್ರತ್ಯಯ ಹತ್ತುತ್ತಿತ್ತು. ಕಾಲಕ್ರಮದಲ್ಲಿ "ಇ" ಉದುರಿತು, ಉದುರಿದ ಜಾಗಕ್ಕೆ ಅಪಾಸ್ಟ್ರಫಿ ಬಂತು. ನಮ್ಮ ಮಕ್ಕಳು ಉ, ಅನ್ನು, ಇಂದ, ಗೆ ಎಂದು ಕಂಠಪಾಠ ಮಾಡುವ ಸಾಲಿನಲ್ಲಿ ಆರನೆಯದಾಗಿ ಬರುವ "ಅ" ಇದೆಯಲ್ಲ, ಅದರ ಸೀಮೆಯ ನೆಂಟ ಇದು.

ಹಾಗಾಗಿ ಎಸ್‌ನಲ್ಲಿ ಮುಗಿಯುವ ಪದ ಎದುರಾದಾಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಎಸ್ ಕನ್ನಡದ "ಗಳು" ಏನು, ಅಥವಾ ಪದ ಹುಟ್ಟುವಾಗಲೇ ಜೊತೆಗೆ ಬಂದದ್ದೇ? ಗಳು-ಎಸ್ ಆದರೆ ಅದರ ಬಲಕ್ಕೆ ಅಪಾಸ್ಟ್ರಫಿ ಮಾತ್ರ. ಹುಟ್ಟು-ಎಸ್ ಆದರೆ ಪೂರ್ತಿ ’ಎಸ್. ಉಳಿದದ್ದೆಲ್ಲ ಇದರ ವಿವರ.

ಮೊದಲ ಹೆಜ್ಜೆ: ಅಲ್ಲಿ "ಅದರ, ಅವರ" ಇದೆಯೇ?

ಹೊಸ ಬಡಾವಣೆಗಳಲ್ಲಿ ಓಡಾಡಿದರೆ ಗೇಟಿನ ಮೇಲೆ "ದಿ ಗೌಡ’ಎಸ್" ಎಂಬ ಗ್ರಾನೈಟ್ ಫಲಕಗಳು ಸಿಗುತ್ತವೆ. ಬರೆಸಿದವರ ಮನಸ್ಸಿನಲ್ಲಿದ್ದದ್ದು "ಗೌಡರು", ಅಂದರೆ ಇಲ್ಲಿ ಗೌಡರ ಕುಟುಂಬ ವಾಸವಾಗಿದೆ. ಅದು ಬಹುವಚನ, ಷಷ್ಠಿ ಅಲ್ಲ. ಅಪಾಸ್ಟ್ರಫಿ ಬೇಡವೇ ಬೇಡ: "ದಿ ಗೌಡಾಸ್". "ಗೌಡರ ಮನೆ" ಎಂದೇ ಹೇಳಬೇಕಿದ್ದರೆ "ದಿ ಗೌಡಾಸ್’ ಹೌಸ್". ಕನ್ನಡದಲ್ಲಿ ಹೇಳಿ ನೋಡಿ. "ಗೌಡರು" ಅಂತ ಬಂದರೆ ಗುರುತು ಇಲ್ಲ, "ಗೌಡರ" ಅಂತ ಬಂದರೆ ಗುರುತು ಇದೆ. ಗ್ರಾನೈಟಿನಲ್ಲಿ ಕೆತ್ತಿದ ಮೇಲೆ ಅಳಿಸಲಾಗದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎರಡನೇ ಹೆಜ್ಜೆ: ಪದವನ್ನು ಪೂರ್ತಿ ಬರೆದು ಮುಗಿಸಿ

ಮಾಲೀಕ ಯಾರು? ಆ ಪದವನ್ನು ಕೊನೆಯ ಅಕ್ಷರದವರೆಗೆ ಬರೆಯಿರಿ. ಅಪಾಸ್ಟ್ರಫಿಯ ಯೋಚನೆ ಆಮೇಲೆ. ಸಾಮಾನ್ಯವಾಗಿ ತಪ್ಪು ಆಗುವುದು ಬೆರಳು ಅವಸರಪಟ್ಟು ಪದದ ಮಧ್ಯಕ್ಕೆ ಗುರುತು ತೂರಿಸಿದಾಗ. ಶ್ರೀನಿವಾಸ್ ಹೆಸರನ್ನು ಸೀಳಿ "ಶ್ರೀನಿವಾ’ಎಸ್" ಮಾಡಿದ ಬ್ಯಾನರುಗಳನ್ನು ಕಣ್ಣಾರೆ ಕಂಡಿದ್ದೇನೆ. ಹುಟ್ಟುಹಬ್ಬದ ದಿನವೇ ಪಾಪ, ಅವರ ಹೆಸರಿಗೆ ಕತ್ತರಿ. ಒಂದು ಉಪಾಯವಿದೆ: ಅಪಾಸ್ಟ್ರಫಿಯಿಂದಾಚೆಗಿನದನ್ನು ಹೆಬ್ಬೆರಳಿನಿಂದ ಮುಚ್ಚಿ. ಉಳಿದದ್ದು ಮಾಲೀಕರ ಪೂರ್ತಿ ಹೆಸರಾಗಿರಬೇಕು. "ಶ್ರೀನಿವಾ" ಎಂಬುವರು ಯಾರೂ ಇಲ್ಲ.

ಮೂರನೇ ಹೆಜ್ಜೆ: ಗಳು-ಎಸ್

ಇಲ್ಲಿ ನಮ್ಮೂರೇ ಪಾಠಶಾಲೆ. "ಮಹಾರಾಜಾಸ್ ಕಾಲೇಜಲ್ಲಿ ಓದಿದೋನು" ಎಂದು ಮೈಸೂರಿನವರು ಎದೆಯುಬ್ಬಿಸಿ ಹೇಳುವಾಗ ಕೊನೆಗೆ ಬರುವ ಆ "ಸ್" ಏನು? ಅದು ಬಹುವಚನವಲ್ಲ, ಷಷ್ಠಿ. ಒಬ್ಬ ಮಹಾರಾಜರ ಕಾಲೇಜು: ಮಹಾರಾಜ’ಎಸ್. ಎಲ್ಲ ಮಹಾರಾಜರಿಗೂ ಸೇರಿದ ಕಾಲೇಜು ಅನ್ನುವುದಾಗಿದ್ದರೆ ಗುರುತು ಎಸ್‌ನ ಬಲಕ್ಕೆ ಸರಿಯುತ್ತಿತ್ತು: ಮಹಾರಾಜಾಸ್’. ಬಾಯಲ್ಲಿ ಎರಡೂ ಒಂದೇ, ಕಾಗದದ ಮೇಲೆ ಒಂದಕ್ಷರದ ದೂರ. ಅರಮನೆಯ ವಿಷಯಕ್ಕೆ ಬಂದರೆ, ಒಡೆಯರ್ ವಂಶದ ಎಲ್ಲರನ್ನೂ ಸೇರಿಸಿ "ಒಡೆಯರ್ಸ್’ ಪ್ಯಾಲೇಸ್". ಅವರಲ್ಲೊಬ್ಬರನ್ನು ಮಾತ್ರ ಉದ್ದೇಶಿಸಿದರೆ "ಒಡೆಯರ್’ಎಸ್".

ಅದೇ ಮಹಾರಾಜಾಸ್ ಕಾಲೇಜಿನಲ್ಲಿ 1918ರಿಂದ 1921ರವರೆಗೆ ತತ್ತ್ವಶಾಸ್ತ್ರ ಹೇಳಿಕೊಟ್ಟವರು ಸರ್ವೆಪಲ್ಲಿ ರಾಧಾಕೃಷ್ಣನ್. ಅವರ ಜನ್ಮದಿನವಾದ ಸೆಪ್ಟೆಂಬರ್ 5 ನಮಗೆ ಟೀಚರ್ಸ್’ ಡೇ. ಶಿಕ್ಷಕರೆಲ್ಲರ ದಿನ, ಆದ್ದರಿಂದ ಗಳು-ಎಸ್, ಆಮೇಲೆ ಗುರುತು. ಹತ್ತು ದಿನ ಬಿಟ್ಟರೆ ಸೆಪ್ಟೆಂಬರ್ 15, 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಹುಟ್ಟಿದ ದಿನ: ಎಂಜಿನಿಯರ್ಸ್’ ಡೇ. ಎರಡೂ ದಿನದ ಬ್ಯಾನರ್ ಆರ್ಡರು ಬೆನ್ನುಬೆನ್ನಿಗೆ ಬರುತ್ತದೆ, ಎರಡರಲ್ಲೂ ಗುರುತು ತಪ್ಪಿ ಎಡಕ್ಕೆ ಬಂದಿರುತ್ತದೆ. ಮದರ್’ಎಸ್ ಡೇಗೆ ಮಾತ್ರ ಗುರುತು ಎಡಕ್ಕಿರುವುದೇ ಸರಿ. ಅದನ್ನು ಹುಟ್ಟುಹಾಕಿದ ಅಮೆರಿಕದ ಆನಾ ಜಾರ್ವಿಸ್ ಅವರಿಗೆ ಲೋಕದ ತಾಯಂದಿರೆಲ್ಲ ಬೇಕಿರಲಿಲ್ಲ, ಮನೆಮನೆಯಲ್ಲೂ ತಮ್ಮ ತಮ್ಮ ತಾಯಿಯನ್ನು ನೆನೆಯಬೇಕೆಂಬುದು ಹಟ. ಆಕೆಯ ಹೆಸರೂ ಎಸ್‌ನಲ್ಲೇ ಮುಗಿಯುತ್ತದೆ ಎನ್ನುವುದು ನನಗೆ ಮೆಚ್ಚುಗೆಯ ವಿಷಯ: ಜಾರ್ವಿಸ್’ಎಸ್ ಹಟ.

ಚಿಲ್ಡ್ರನ್, ಮೆನ್, ವಿಮೆನ್ ಇವು ಬಹುವಚನವಾದರೂ ಎಸ್ ಇಲ್ಲದವು, ಅವಕ್ಕೆ ’ಎಸ್: ಚಿಲ್ಡ್ರನ್’ಎಸ್ ಡೇ, ವಿಮೆನ್’ಎಸ್ ಹಾಸ್ಟೆಲ್. ಲೇಡೀಸ್ ಎಂಬುದಕ್ಕೆ ಲೇಡೀಸ್’. ನಾವು "ಲೇಡೀಸ್‌ಗಳ ಸೀಟು" ಅಂತ ಗಳುವಿನ ಮೇಲೆ ಗಳು ಹೇರುವವರಾದ್ದರಿಂದ ಆ ಎಸ್ ಬಹುವಚನ ಅನ್ನುವುದೇ ಮರೆತಿರುತ್ತದೆ.

ಈಗ ಕನ್ನಡಿಗರಿಗೆ ಮಾತ್ರ ಬೀಳುವ ಒಂದು ಗುಂಡಿ. ನಮ್ಮಲ್ಲಿ ಗೌರವ ಕೊಟ್ಟರೆ ಒಬ್ಬರೂ ಬಹುವಚನವಾಗುತ್ತಾರೆ. "ನಮ್ಮ ಮೇಷ್ಟ್ರ ಮನೆ" ಎನ್ನುವಾಗ ಮೇಷ್ಟ್ರು ಒಬ್ಬರೇ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲಿ "ಮೈ ಟೀಚರ್ಸ್’ ಹೌಸ್" ಎಂದು ಬರೆದರೆ ಒಂದೇ ಮನೆಯಲ್ಲಿ ಹತ್ತು ಜನ ಮೇಷ್ಟ್ರು ಸಂಸಾರ ಹೂಡಿದಂತಾಗುತ್ತದೆ. ಪ್ರಿನ್ಸಿಪಾಲರ, ಅಧ್ಯಕ್ಷರ, ಗುರುಗಳ ಈ ಮೂರನ್ನೂ ಬರೆಯುವಾಗ ಕೈ ತಡೆದು ತಲೆ ಎಣಿಸಿ. ಇಂಗ್ಲಿಷಿನ ಅಪಾಸ್ಟ್ರಫಿಗೆ ಮರ್ಯಾದೆ ಗೊತ್ತಿಲ್ಲ, ಲೆಕ್ಕ ಮಾತ್ರ ಗೊತ್ತು.

ಇನ್ನು ರಜೆ ಅರ್ಜಿ ಮತ್ತು ಬಯೋಡೇಟಾ. "ಎರಡು ದಿನದ ರಜೆ" ಎಂಬಲ್ಲಿ ಕನ್ನಡದ ಷಷ್ಠಿ ಕಾಣುತ್ತದಲ್ಲ, ಇಂಗ್ಲಿಷಿನಲ್ಲೂ ಅಲ್ಲಿ ಷಷ್ಠಿಯಿದೆ: ಟೂ ಡೇಸ್’ ಲೀವ್. ಒಂದೇ ದಿನವಾದರೆ ಒನ್ ಡೇ’ಎಸ್ ಲೀವ್. ಹತ್ತು ವರ್ಷದ ಅನುಭವ: ಟೆನ್ ಇಯರ್ಸ್’ ಎಕ್ಸ್‌ಪೀರಿಯೆನ್ಸ್. ಮಧ್ಯೆ "ಆಫ್" ಹಾಕಿದರೆ ಗುರುತು ಬೇಡ, ಟೆನ್ ಇಯರ್ಸ್ ಆಫ್ ಎಕ್ಸ್‌ಪೀರಿಯೆನ್ಸ್ ಅಷ್ಟೇ. ನನ್ನ ಅಂಗಡಿಗೆ ಬರುವ ಹತ್ತು ಬಯೋಡೇಟಾದಲ್ಲಿ ಈ ಗುರುತು ಸರಿಯಾದ ಜಾಗದಲ್ಲಿರುವುದು ಒಂದೋ ಎರಡೋ.

ನಾಲ್ಕನೇ ಹೆಜ್ಜೆ: ಹುಟ್ಟು-ಎಸ್

ಬಾಸ್, ಬಸ್, ಕ್ಲಾಸ್, ಗ್ಲಾಸ್. ಇವುಗಳ ಎಸ್ ತೆಗೆದರೆ ಪದವೇ ಸತ್ತುಹೋಗುತ್ತದೆ, ಆದ್ದರಿಂದ ಅದು ಗಳು ಅಲ್ಲ. ಏಕವಚನ, ಪೂರ್ತಿ ’ಎಸ್: ಬಾಸ್’ಎಸ್ ರೂಮ್, ಬಸ್’ಎಸ್ ಟೈರ್. ಹಲವಾದರೆ ಮೊದಲು ಬಹುವಚನ, ಆಮೇಲೆ ಗುರುತು: ಬಸಸ್’ ಟೈರ್ಸ್. ಇಲ್ಲಿ ಬಾಯಿಯ ಸಹಾಯವೂ ಸಿಗುತ್ತದೆ. ಬಾಸ್ ಎಂಬುದು ಷಷ್ಠಿಯಾದಾಗ "ಬಾಸಿಸ್" ಎಂದು ಒಂದು ಉಸಿರು ಹೆಚ್ಚಾಗುತ್ತದೆ, ಆ ಹೆಚ್ಚಿನ ಉಸಿರಿಗೆ ಕಾಗದದ ಮೇಲೊಂದು ಎಸ್ ಕೊಡಬೇಕು. ಬಾಯ್ಸ್ ಎಂಬುದು ಷಷ್ಠಿಯಾದರೂ "ಬಾಯ್ಸ್" ಆಗಿಯೇ ಉಳಿಯುತ್ತದೆ, ಅದಕ್ಕೇ ಬಾಯ್ಸ್’ ಹಾಸ್ಟೆಲ್.

ಅಕ್ಷರಕೂಟಗಳಿಗೂ ಇದೇ ನ್ಯಾಯ. ಕೆಆರ್‌ಎಸ್ ತುಂಬಿತೋ ಇಲ್ಲವೋ ಎನ್ನುವುದು ಮಂಡ್ಯ ಮೈಸೂರಿನವರಿಗೆ ಮಳೆಗಾಲವಿಡೀ ಬೆಳಗಿನ ಕಾಫಿಯ ಜೊತೆಗಿನ ಪ್ರಶ್ನೆ. ಕೊನೆಯ ಎಸ್ ಸಾಗರದ ಎಸ್, ಹುಟ್ಟಿನಿಂದ ಬಂದದ್ದು. "ಕೆಆರ್‌ಎಸ್’ಎಸ್ ಫುಲ್ ಲೆವೆಲ್ ಈಸ್ 124.80 ಫೀಟ್" ಎಂದೇ ಬರೆಯಬೇಕು. ನೋಡಲು ಎರಡು ಎಸ್ ಗುದ್ದಾಡಿದಂತೆ ಕಾಣುವುದು ನಿಜ. ಬೇಡವಾದರೆ ಗುರುತನ್ನೇ ಬಿಟ್ಟು "ಕೆಆರ್‌ಎಸ್ ವಾಟರ್ ಲೆವೆಲ್" ಎನ್ನಿ, ಅದೂ ಸರಿಯಾದ ಇಂಗ್ಲಿಷೇ.

ಇನ್ನು ಹೆಸರುಗಳು. ಶ್ರೀನಿವಾಸ್, ದಾಸ್, ಉಲ್ಲಾಸ್, ಮತ್ತೆ ನಮ್ಮ ಅರಸು. ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕವಾದಾಗ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸು ಅವರ ಹೆಸರಿನ ರಸ್ತೆಯಲ್ಲಿ ಬಟ್ಟೆ ಕೊಳ್ಳದ ಮೈಸೂರಿಗರು ಕಮ್ಮಿ. ಅರಸು ಅವರ ಭೂಸುಧಾರಣೆಯ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವವರು "ಅರಸ್’ಎಸ್ ಲ್ಯಾಂಡ್ ರಿಫಾರ್ಮ್ಸ್" ಎಂದು ಬರೆದರೆ ಸರಿ. ಕನ್ನಡದಲ್ಲಿ ಪದ "ಉ" ಸ್ವರದಲ್ಲಿ ಮುಗಿಯುತ್ತದೆ, ಇಂಗ್ಲಿಷಿನಲ್ಲಿ ಬರೆಯುವಾಗ ಆ ಉ ಬಿದ್ದುಹೋಗಿ ಎಸ್ ಕೊನೆಗೆ ನಿಂತಿತು. ಕೊನೆಗೆ ನಿಂತ ಮಾತ್ರಕ್ಕೆ ಗಳು ಆಗುವುದಿಲ್ಲ.

ಅರಸು ಮನೆಯವರೆಲ್ಲ ಸೇರಿ ಬಂದರೆ? ಬಸ್ಸಿನ ಹಾಗೇ. "ಅರಸಸ್", ಅಂದರೆ ಯು, ಆರ್, ಎಸ್ ಆದ ಮೇಲೆ ಇ, ಎಸ್. ಅವರ ಮನೆ "ದಿ ಅರಸಸ್’ ಹೌಸ್". ದಾಸ್ ಕುಟುಂಬ "ದಾಸಸ್’". ಕಿವಿಗೆ ಒರಟು ಅನಿಸಿದರೆ "ಅರಸು ಫ್ಯಾಮಿಲಿ" ಎಂದು ಬರೆದು ಕೈತೊಳೆದುಕೊಳ್ಳಬಹುದು. ಮದುವೆ ಪತ್ರಿಕೆಯಲ್ಲಿ ನಾನು ಸಾಮಾನ್ಯವಾಗಿ ಅದನ್ನೇ ಸಲಹೆ ಕೊಡುವುದು.

ಬಲ್ಲವರೇ ಜಗಳವಾಡುವ ಜಾಗ

ಎಸ್‌ನಲ್ಲಿ ಮುಗಿಯುವ ಒಬ್ಬರ ಹೆಸರಿಗೆ ಬರೀ ಅಪಾಸ್ಟ್ರಫಿ ಹಾಕುವವರೂ ಇದ್ದಾರೆ, ಅವರು ಅಜ್ಞಾನಿಗಳಲ್ಲ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ನಿಯಮವೇ ಅದು. ಪುಸ್ತಕ ಪ್ರಕಾಶಕರು ಹೆಚ್ಚಾಗಿ ಅನುಸರಿಸುವ ಶಿಕಾಗೋ ಪದ್ಧತಿ ಪೂರ್ತಿ ’ಎಸ್ ಬೇಕೆನ್ನುತ್ತದೆ. 2024ರ ಅಮೆರಿಕದ ಚುನಾವಣೆಯಲ್ಲಿ ಕಮಲಾ ಹ್ಯಾರಿಸ್ ಕಣಕ್ಕಿಳಿದಾಗ ಈ ಹಳೆಯ ವ್ಯಾಜ್ಯ ಬೀದಿಗೆ ಬಂತು. ಅಸೋಸಿಯೇಟೆಡ್ ಪ್ರೆಸ್ ಹ್ಯಾರಿಸ್’ ಎಂದಿತು, ನ್ಯೂಯಾರ್ಕ್ ಟೈಮ್ಸ್ ಹ್ಯಾರಿಸ್’ಎಸ್ ಎಂದಿತು. ಲಂಡನ್ನಿನ ಉದ್ಯಾನ ಸೇಂಟ್ ಜೇಮ್ಸ್’ಎಸ್ ಪಾರ್ಕ್, ನ್ಯೂಕ್ಯಾಸಲ್‌ನ ಫುಟ್‌ಬಾಲ್ ಮೈದಾನ ಸೇಂಟ್ ಜೇಮ್ಸ್’ ಪಾರ್ಕ್. ಒಂದೇ ದೇಶ, ಒಂದೇ ಹೆಸರು, ಎರಡು ಬರವಣಿಗೆ. ಊರು, ಸಂಸ್ಥೆ, ರಸ್ತೆಗಳ ಹೆಸರನ್ನು ಅವರು ಹೇಗೆ ಬರೆದುಕೊಂಡಿದ್ದಾರೋ ಹಾಗೇ ಬಿಡಿ, ತಿದ್ದಲು ಹೋಗಬೇಡಿ. ಅಮೆರಿಕದ ಆರ್ಕನ್ಸಾ ರಾಜ್ಯದ ಹೆಸರಿನ ಕೊನೆಗೆ ಮೂಕ ಎಸ್ ಇದೆ, ಬರೆಯುತ್ತಾರೆ ಆದರೆ ಉಚ್ಚರಿಸುವುದಿಲ್ಲ. ಅದರ ಷಷ್ಠಿಗೆ ’ಎಸ್ ಬೇಕೇಬೇಕು ಎಂದು ಅಲ್ಲಿನ ಜನಪ್ರತಿನಿಧಿಗಳು 2007ರಲ್ಲಿ ನಿರ್ಣಯವನ್ನೇ ಮಾಡಿದರು. ನಮ್ಮ ವಿಧಾನಸೌಧದಲ್ಲಿ ಒಮ್ಮೆಯಾದರೂ ವಿಭಕ್ತಿ ಪ್ರತ್ಯಯದ ಚರ್ಚೆ ನಡೆದೀತೇ ಎಂದು ಆಸೆಪಡುತ್ತೇನೆ.

ನನ್ನ ಅಭಿಪ್ರಾಯ ಕೇಳಿದರೆ, ಪೂರ್ತಿ ’ಎಸ್ ಹಾಕಿ. ಬಾಯಿ ಹೇಳುವುದೂ ಕೈ ಬರೆಯುವುದೂ ಒಂದೇ ಆಗುತ್ತದೆ. ಥೀಸಿಸ್ ಬರೆಯುವವರು ಮಾತ್ರ ಗೈಡ್ ಹೇಳಿದ ಪದ್ಧತಿ ಹಿಡಿಯಿರಿ. ಯಾವುದನ್ನೇ ಹಿಡಿದರೂ ಮೊದಲ ಅಧ್ಯಾಯದಲ್ಲಿ ಇನ್ಫೋಸಿಸ್’ಎಸ್, ಮೂರನೆಯದರಲ್ಲಿ ಇನ್ಫೋಸಿಸ್’ ಆಗಬಾರದು. ಜೀಸಸ್, ಮೋಸೆಸ್ ಮುಂತಾದ ಪುರಾತನ ಹೆಸರುಗಳಿಗೆ ಬರೀ ಗುರುತು ಹಾಕುವುದು ಹಳೆಯ ರೂಢಿ. ಶಿಕಾಗೋದವರು ಈಗ ಇವಕ್ಕೂ ಪೂರ್ತಿ ಹಾಕುತ್ತಾರೆ.

ವೇಷಧಾರಿ ಪದಗಳು

ಫಿಸಿಕ್ಸ್, ಎಕನಾಮಿಕ್ಸ್, ಸೀರೀಸ್, ಸ್ಪೀಷೀಸ್. ಅರ್ಥದಲ್ಲಿ ಒಂದು, ರೂಪ ಮಾತ್ರ ಬಹುವಚನದ್ದು. ಇವಕ್ಕೆ ಬರೀ ಅಪಾಸ್ಟ್ರಫಿ: ಎಕನಾಮಿಕ್ಸ್’, ಸೀರೀಸ್’. ಯುನೈಟೆಡ್ ಸ್ಟೇಟ್ಸ್ ದೇಶ ಒಂದೇ ಆದರೂ ಹೆಸರಿನಲ್ಲಿ ರಾಜ್ಯಗಳು ಹಲವು, ಅದಕ್ಕೂ ಯುನೈಟೆಡ್ ಸ್ಟೇಟ್ಸ್’. ಇವು ಕಾಗದದ ಮೇಲೆ ಎಂದೂ ಚೆಂದ ಕಾಣುವುದಿಲ್ಲ. "ದಿ ಲಾಸ್ ಆಫ್ ಫಿಸಿಕ್ಸ್" ಎಂದು "ಆಫ್" ಹಾಕಿ ದಾಟಿಕೊಳ್ಳುವುದು ಜಾಣತನ.

ಇಟ್ಸ್, ಹರ್ಸ್, ಅವರ್ಸ್, ಯುವರ್ಸ್, ದೇರ್ಸ್. ಷಷ್ಠಿಯಲ್ಲಿ ಇವಕ್ಕೆ ಅಪಾಸ್ಟ್ರಫಿ ಇಲ್ಲವೇ ಇಲ್ಲ. ಇಟ್’ಎಸ್ ಎಂದರೆ "ಇಟ್ ಈಸ್" ಅಥವಾ "ಇಟ್ ಹ್ಯಾಸ್". ಮುಗಿಯಿತು.

ಇಬ್ಬರ ಪಾಲುದಾರಿಕೆಯ ಒಂದೇ ಅಂಗಡಿಯಾದರೆ ಕೊನೆಯ ಹೆಸರಿಗೆ ಮಾತ್ರ: ರಮೇಶ್ ಆಂಡ್ ಶ್ರೀನಿವಾಸ್’ಎಸ್ ಶಾಪ್. ಇಬ್ಬರದೂ ಬೇರೆ ಬೇರೆ ಅಂಗಡಿಯಾದರೆ ಇಬ್ಬರಿಗೂ.

ಕೊನೆಯ ಹೆಜ್ಜೆ: ಪ್ರಿಂಟ್ ಒತ್ತುವ ಮುಂಚೆ

ಕಂಪ್ಯೂಟರಿನ ಕೆಂಪು ಗೆರೆಯನ್ನು ನಂಬಬೇಡಿ. ಟೀಚರ್’ಎಸ್ ಕೂಡ ಸರಿ, ಟೀಚರ್ಸ್’ ಕೂಡ ಸರಿ, ನಿಮ್ಮ ಮನಸ್ಸಿನಲ್ಲಿ ಎಷ್ಟು ಜನ ಇದ್ದಾರೆ ಎನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಪ್ರತಿ ಅಪಾಸ್ಟ್ರಫಿಯ ಹತ್ತಿರ ನಿಂತು ಆ ತುಂಡನ್ನು ಕನ್ನಡದಲ್ಲಿ ಹೇಳಿ, ತಲೆ ಎಣಿಸಿ.

ಹೇಗೆಂದು ತೋರಿಸುತ್ತೇನೆ. ಮದ್ದೂರು ಕಡೆಯಿಂದ ಹಿರಿಯರೊಬ್ಬರು ಕಬ್ಬು ಬಾಕಿಯ ಮನವಿಪತ್ರ ತಂದಿದ್ದರು. ಊರಿನ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದ. ತಲೆಬರಹ "ಶುಗರ್‌ಕೇನ್ ಗ್ರೋವರ್’ಎಸ್ ಡ್ಯೂಸ್".

"ಯಜಮಾನ್ರೆ, ಬಾಕಿ ಒಬ್ಬರದ್ದಾ, ಎಲ್ಲರದ್ದಾ?"

"ಒಬ್ಬಂದಾಗಿದ್ರೆ ಇಲ್ಲಿಗಂಟ ಬಸ್ ಅತ್ಕಂಡು ಬತ್ತಿದ್ನಾ? ಊರೋರೆಲ್ಲರ್ದೂವೆ ಕಣಪ್ಪ."

ಬೆಳೆಗಾರರ, ಗಳು-ಎಸ್. ಗುರುತನ್ನು ಒಂದಕ್ಷರ ಬಲಕ್ಕೆ ಸರಿಸಿದೆ: ಗ್ರೋವರ್ಸ್’. ಎರಡನೇ ಪ್ಯಾರಾದಲ್ಲಿ, ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂಬ 1966ರ ಕಬ್ಬು ನಿಯಂತ್ರಣ ಆದೇಶದ ಪ್ರಸ್ತಾಪವಿತ್ತು. ಅಲ್ಲಿ "ಫೋರ್ಟೀನ್ ಡೇಸ್ ಟೈಮ್" ಎಂದು ಬೋಳಾಗಿ ಬಿಟ್ಟಿದ್ದ. ಹದಿನಾಲ್ಕು ದಿನಗಳ ಅವಧಿ: ಡೇಸ್’. ಕೆಳಗೆ ಸಹಿಯ ಜಾಗದಲ್ಲಿ "ಪ್ರೆಸಿಡೆಂಟ್ಸ್’ ಸಿಗ್ನೇಚರ್". ನನ್ನ ಬೆರಳು ಅಲ್ಲಿ ನಿಂತಿತು.

"ಸಂಘಕ್ಕೆ ಅಧ್ಯಕ್ಷರು ಎಷ್ಟು ಜನ?"

"ಒಬ್ಬನೇಯ. ನಾನೇ."

ಗುರುತನ್ನು ಎಡಕ್ಕೆ ತಂದು ಪ್ರೆಸಿಡೆಂಟ್’ಎಸ್ ಮಾಡಿ, ಏನು ಮಾಡಿದೆ ಎಂದು ಅವರಿಗೂ ತೋರಿಸಿದೆ. ಕನ್ನಡಕ ಹಣೆಗೇರಿಸಿ ಪರದೆಯ ಹತ್ತಿರ ಬಗ್ಗಿ ನೋಡಿದರು. "ಅಧ್ಯಕ್ಷರು, ಅಧ್ಯಕ್ಷರು ಅಂತ ಊರೆಲ್ಲಾ ಕರೀತದೆ, ನೀನೊಬ್ಬ ಏಕವಚನ ಮಾಡ್ಬುಟ್ಟೆ ನೋಡು" ಅಂದು ನಕ್ಕು, ಐದು ಪ್ರತಿ ತೆಗೆಸಿಕೊಂಡು, ನಾಲ್ಕರ ಕೆಳಗೆ ಅಲ್ಲೇ ನಿಂತು ಸಹಿ ಹಾಕಿದರು.